ಓದುಗರ ಪ್ರಶ್ನೆ: ಶನಿ ಗ್ರಹ ನಿಜಕ್ಕೂ ನೀರಿನಲ್ಲಿ ತೇಲುತ್ತದೆಯೇ?

‘ಅಷ್ಟು ದೊಡ್ಡ ತೊಟ್ಟಿಯೊಂದು ಸಿಕ್ಕರೆ ಶನಿ ಅದರಲ್ಲಿ ತೇಲುತ್ತದಂತೆ, ಹೌದೇ?’ ಗ್ರಹಗಳ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಲೆಕ್ಕವೇನೋ ಸರಿ. ಆದರೆ ತೇಲುವುದಿಲ್ಲ.

ಲೆಕ್ಕ ಹೀಗಿದೆ. ಶನಿಯ ದ್ರವ್ಯರಾಶಿ ಭೂಮಿಯ 95 ಪಟ್ಟು. ಗಾತ್ರವೋ, 750ಕ್ಕೂ ಹೆಚ್ಚು ಭೂಮಿಗಳು ಹಿಡಿಸುವಷ್ಟು. ಭಾಗಿಸಿ ನೋಡಿದರೆ ಸರಾಸರಿ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 0.69 ಗ್ರಾಂ. ನೀರಿನದು 1 ಗ್ರಾಂ, ಮಂಜುಗಡ್ಡೆಯದು 0.92. ಎಂಟು ಗ್ರಹಗಳ ಪೈಕಿ ನೀರಿಗಿಂತ ಹಗುರವಾದದ್ದು ಇದೊಂದೇ. ಗುರು ಗ್ರಹವೂ ಬಹುಪಾಲು ಜಲಜನಕ, ಹೀಲಿಯಂಗಳಿಂದಲೇ ಆಗಿದೆ. ಆದರೆ ಶನಿಯ ಮೂರು ಪಟ್ಟಿಗೂ ಮಿಕ್ಕಿದ ತನ್ನ ಭಾರಕ್ಕೆ ತಾನೇ ಅದುಮಿಕೊಂಡು 1.33ಕ್ಕೆ ಏರಿದೆ.

ತೊಡಕಿರುವುದು ‘ಸರಾಸರಿ’ ಎಂಬ ಮಾತಿನಲ್ಲಿ. ಶನಿ ಒಳಗೂ ಹೊರಗೂ ಒಂದೇ ಹದದ ಚೆಂಡಲ್ಲ. ಮೋಡಗಳ ಮಟ್ಟದಲ್ಲಿ ಅದರ ಅನಿಲ ನಾವು ಉಸಿರಾಡುವ ಗಾಳಿಗಿಂತ ತೆಳು. ಇಳಿದಂತೆಲ್ಲ ಒತ್ತಡ ಏರುತ್ತದೆ, ಜಲಜನಕ ದ್ರವದಂತಾಗುತ್ತದೆ. ಇಲ್ಲಿಗೆ ಗಾಳಿ ಮುಗಿಯಿತು, ಇಲ್ಲಿಂದ ಕಡಲು ಎಂದು ಗೆರೆ ಎಳೆಯುವ ಹಾಗಿಲ್ಲ. ಇನ್ನೂ ಆಳದಲ್ಲಿ ಅದೇ ಜಲಜನಕ ಲೋಹದ ಹಾಗೆ ವಿದ್ಯುತ್ ಹರಿಸುತ್ತದೆ. ನಡುವೆ ಬಂಡೆ, ಹಿಮದಂಥ ಭಾರದ ಪದಾರ್ಥಗಳು.

ಈ ಒಡಲಿನ ಸುಳಿವು ಸಿಕ್ಕಿದ್ದು ಉಂಗುರಗಳಿಂದ ಎಂಬುದು ನನಗೆ ಇವತ್ತಿಗೂ ಬೆರಗು. ಶನಿ ಒಳಗೊಳಗೇ ಸಣ್ಣಗೆ ಕಂಪಿಸುತ್ತಿರುತ್ತದೆ. ಆ ಕಂಪನ ಅದರ ಗುರುತ್ವವನ್ನು ತುಸುವೇ ಅಲುಗಿಸುತ್ತದೆ, ಉಂಗುರದ ಹಿಮದ ಚೂರುಗಳಲ್ಲಿ ಸುರುಳಿ ಅಲೆಗಳು ಏಳುತ್ತವೆ. ಉಂಗುರದ ಹಿಂದೆ ಹಾದುಹೋಗುವ ನಕ್ಷತ್ರದ ಬೆಳಕು ಮಿಣುಕುವ ಬಗೆಯಲ್ಲಿ ಕ್ಯಾಸಿನಿ ನೌಕೆ ಆ ಅಲೆಗಳನ್ನು ಹಿಡಿಯಿತು. ಅದರ ಆಧಾರದ ಮೇಲೆ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಶನಿಯ ತಿರುಳು ಗಟ್ಟಿ ಗುಂಡಲ್ಲ. ಜಲಜನಕ, ಹೀಲಿಯಂಗಳೊಂದಿಗೆ ಕಲಸಿಕೊಂಡು, ತ್ರಿಜ್ಯದ ಸುಮಾರು 60 ಪ್ರತಿಶತದವರೆಗೂ ಹರಡಿಕೊಂಡಿದೆ.

ಇನ್ನು ತೊಟ್ಟಿಯ ಮಾತು. ತೇಲುವ ಚೆಂಡಿಗೆ ನೀರನ್ನು ತಡೆಯುವ ಹೊರಮೈ ಬೇಕು, ಶನಿಗೆ ಅದಿಲ್ಲ. ಅದನ್ನು ಮುಳುಗಿಸುವಷ್ಟು ನೀರು ಒಂದೆಡೆ ಸೇರಿದರೆ ಆ ನೀರೇ ತನ್ನ ಗುರುತ್ವದಿಂದ ಗೋಳವಾಗಿ ಇನ್ನೊಂದು ಗ್ರಹವಾಗುತ್ತದೆ. ಎರಡೂ ಒಂದನ್ನೊಂದು ಎಳೆದುಕೊಂಡು ಬೆರೆಯುತ್ತವೆ: ಭಾರದ ತಿರುಳು ನಡುವಿಗೆ ಕುಸಿಯುತ್ತದೆ, ಹಗುರ ಅನಿಲ ಹೊರಗೆ ಹೊದಿಕೆಯಾಗುತ್ತದೆ. ಆಮೇಲೆ ಶನಿ ಎಂದು ಬೊಟ್ಟುಮಾಡಿ ತೋರಿಸಲು ಏನೂ ಉಳಿಯದು.

ಆ ಹಗುರತನವನ್ನು ಕಣ್ಣಾರೆ ಕಾಣಬೇಕಿದ್ದರೆ ತೊಟ್ಟಿ ಬೇಡ, ಸಣ್ಣ ದೂರದರ್ಶಕ ಸಾಕು. ಶನಿ ಹತ್ತೂವರೆ ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತದೆ. ಇಷ್ಟು ಸಡಿಲವಾದ ಮೈ ಆ ವೇಗಕ್ಕೆ ನಡುವಿನಲ್ಲಿ ಉಬ್ಬಿದೆ: ಸಮಭಾಜಕದಲ್ಲಿ ವ್ಯಾಸ ಸುಮಾರು 1,20,500 ಕಿ.ಮೀ., ಧ್ರುವದಿಂದ ಧ್ರುವಕ್ಕೆ 1,08,700 ಮಾತ್ರ. ಉಂಗುರಗಳಿಂದ ಒಂದು ಕ್ಷಣ ಕಣ್ಣು ಕಿತ್ತು ನಡುವಿನ ಬಿಲ್ಲೆಯನ್ನೇ ನೋಡಿ. ಮೇಲೂ ಕೆಳಗೂ ಅಂಗೈಯಿಂದ ಒತ್ತಿದ ಹಾಗಿರುತ್ತದೆ.