ಎರಡಿಂಚು ನೀರು ಅಂದ್ರೆ ಎಷ್ಟು ಲೀಟರ್?

ಬೋರ್‌ವೆಲ್ ಕೊರೆಸಿದವರು ಫೋನ್ ಮಾಡಿ ಮೊದಲು ಹೇಳುವುದೇ "ಸಾರ್, ಎರಡಿಂಚು ನೀರು ಬಿತ್ತು" ಅಂತ. ಸಂತೋಷ. ಅದರ ಹಿಂದೆಯೇ ಬರುವ ಮಾತಿಗೆ ಮಾತ್ರ ನನಗೆ ತಲೆ ಕೆಡುತ್ತದೆ: "ಪಕ್ಕದ ತೋಟದವರಿಗೆ ಒಂದಿಂಚು, ನಮ್ಮದು ಅದರ ಡಬಲ್."

ಡಬಲ್ ಅಲ್ಲ ಸ್ವಾಮಿ, ಐದೂವರೆ ಪಟ್ಟು!

ಈ ಇಂಚು ಪೈಪಿನ ಅಳತೆಯಲ್ಲ. ಬೋರ್ ಕೊರೆಯುವ ಗಾಡಿಯವರು ಹೊರಗೆ ಚಿಮ್ಮುವ ನೀರಿಗೆ ಮಣ್ಣಿನ ಕಟ್ಟೆ ಹಾಕಿ, ವಿ ಆಕಾರದಲ್ಲಿ ಕತ್ತರಿಸಿದ ತಗಡು ನಿಲ್ಲಿಸುತ್ತಾರಲ್ಲ, ಆ ವಿ ಮೂಲೆಯಿಂದ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವ ಇಂಚು ಇದು. ನೀರು ಏರಿದಷ್ಟೂ ವಿ ಬಾಯಿ ಅಗಲ, ಹರಿಯುವ ವೇಗವೂ ಜಾಸ್ತಿ. ಅದಕ್ಕೇ 90 ಡಿಗ್ರಿ ತಗಡಿನಲ್ಲಿ ಒಂದಿಂಚಿಗೆ ಗಂಟೆಗೆ ಸುಮಾರು 530 ಲೀಟರ್, ಎರಡಿಂಚಿಗೆ ಹೆಚ್ಚುಕಡಿಮೆ 3,000, ಮೂರಿಂಚಿಗೆ 8,000 ದಾಟುತ್ತದೆ. ಅಳೆಯುವಾಗ ತಗಡಿಗೆ ಸ್ಕೇಲ್ ಅಂಟಿಸಬೇಡಿ, ಅಲ್ಲಿ ನೀರು ಆಗಲೇ ಬಾಗಿರುತ್ತದೆ. ಸ್ವಲ್ಪ ಹಿಂದೆ, ನೀರು ಸಮವಾಗಿ ನಿಂತ ಕಡೆ ಇಡಿ.

ಇಳಿಯುವಾಗಲೂ ಇದೇ ಲೆಕ್ಕ. ಶಿರಾ ಕಡೆಯ ಒಬ್ಬ ಅಡಿಕೆ ಬೆಳೆಗಾರರಿಗೆ ಬೇಸಿಗೆಯಲ್ಲಿ ಎರಡಿಂಚು ಹೋಗಿ ಒಂದೂವರೆಗೆ ಬಂತು. "ಅರ್ಧ ಇಂಚು ತಾನೇ ಸಾರ್, ಮುಕ್ಕಾಲು ಪಾಲು ನೀರು ಇದೆಯಲ್ಲ" ಅಂದರು. ನಾನು ಸುಮ್ನೆ 20 ಲೀಟರ್ ಬಕೆಟ್ ಹಿಡಿದೆ. ಮೊದಲು 24 ಸೆಕೆಂಡಿಗೆ ತುಂಬುತ್ತಿದ್ದ ಬಕೆಟ್ಟಿಗೆ ಈಗ 49 ಸೆಕೆಂಡ್. ಅವರು ಮಾತಾಡಲಿಲ್ಲ, ತೋಟದ ಕೊನೆಯ ಸಾಲಿನ ಗಿಡಗಳನ್ನೇ ನೋಡುತ್ತಾ ನಿಂತರು. ಪಾಪ, ಅವು ಇನ್ನೂ ಎಳೆ ಗಿಡ.

ಕೆಲವು ಗಾಡಿಯವರು ಇಂಚು ಬಿಟ್ಟು ಗ್ಯಾಲನ್‌ನಲ್ಲಿ ಹೇಳುತ್ತಾರೆ, ಎರಡಿಂಚಿಗೆ ಗಂಟೆಗೆ 650 ಗ್ಯಾಲನ್ ಅಂತ. ಅದು ಬ್ರಿಟಿಷರ ಕಾಲದಿಂದ ಬಂದ ಗ್ಯಾಲನ್, 4.546 ಲೀಟರ್. ಮೊಬೈಲಿನಲ್ಲಿ ಸುಮ್ಮನೆ ಗ್ಯಾಲನ್ ಅಂತ ಹಾಕಿದರೆ ಸಾಮಾನ್ಯವಾಗಿ ಅಮೆರಿಕದ ಗ್ಯಾಲನ್ ಬರುತ್ತದೆ, ಅದು 3.785. ಗಂಟೆಗೆ 500 ಲೀಟರ್ ಕಾಗದದ ಮೇಲೇ ಮಾಯ.

ಇಷ್ಟೆಲ್ಲ ಹೇಳಿದ ಮೇಲೂ ಕೊರೆದ ದಿನದ ಇಂಚನ್ನು ನಂಬಿ ಪಂಪ್ ತರಬೇಡಿ. ಅದು ಕಂಪ್ರೆಸರ್ ಗಾಳಿ ಎತ್ತಿ ಹಾಕಿದ ನೀರು. ಬಂಡೆಯ ಬಿರುಕಿನಲ್ಲಿ ಕೂಡಿಟ್ಟದ್ದೂ ಅದರಲ್ಲಿ ಸೇರಿರಬಹುದು. ಆಗುವುದಾದರೆ ಬಾಡಿಗೆ ಪಂಪ್ ಇಳಿಸಿ ಏಳೆಂಟು ಗಂಟೆ ಓಡಿಸಿ, ಕೊನೆಯ ಗಂಟೆಯಲ್ಲಿ ಬಕೆಟ್ ಹಿಡಿದು ಸೆಕೆಂಡ್ ಎಣಿಸಿ ನನಗೆ ಹೇಳಿ. ಎಷ್ಟು ಎಚ್‌ಪಿ ಅನ್ನೋದನ್ನ ಆಮೇಲೆ ಮಾತಾಡೋಣ.