ಆ ಬಯಲು ಖಾಲಿ ಇರಲಿಲ್ಲ: ಕಾಡಿಗೆ ಹೋಗಿ ಮನೆ ಕಟ್ಟಿದ ಕುಟುಂಬಗಳ ಕಥೆ ಬೆಳೆದ ಬಗೆ

ಅಪ್ಪ, ಅಮ್ಮ, ಮಕ್ಕಳು, ಜೊತೆಗೊಂದು ನಾಯಿ. ಸುತ್ತ ಕಾಡು ಇಲ್ಲವೇ ಕಣ್ಣು ಹಾಯಿಸಿದಷ್ಟೂ ಹುಲ್ಲು. ಮರ ಕಡಿದು ಮನೆ ಕಟ್ಟುತ್ತಾರೆ, ಬಾವಿ ತೋಡುತ್ತಾರೆ, ತೋಳಗಳಿಗೆ ಹೆದರಿ ರಾತ್ರಿ ಕಳೆಯುತ್ತಾರೆ. ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಬರೆದ ಇಂಥ ಕಥೆಗಳು ಕನ್ನಡಕ್ಕೂ ಬಂದಿವೆ, ನಮ್ಮಲ್ಲಿ ಎಷ್ಟೋ ಜನ ಅವನ್ನು ಓದಿಯೇ ಬೆಳೆದವರು. ನನಗಂತೂ ಇವತ್ತಿಗೂ ಇಷ್ಟ. ಆದರೆ ಆ ನೆಲದಲ್ಲಿ ಮೊದಲೇ ಜನ ಇದ್ದರು. ಅವರು ಕಥೆಯ ಅಂಚಿಗೆ ಸರಿದದ್ದು ಹೇಗೆ ಅನ್ನೋದನ್ನೂ ತಿಳಿಯಬೇಕು ಅಲ್ವಾ?

ಈ ಬಗೆಯ ಕಥೆ ಶುರುವಾಗಿದ್ದು ಯುರೋಪಿನಲ್ಲಿ. 1719ರಲ್ಲಿ ಬಂದ ಡೇನಿಯಲ್ ಡೆಫೋನ 'ರಾಬಿನ್ಸನ್ ಕ್ರೂಸೋ' ದ್ವೀಪವೊಂದರಲ್ಲಿ ಸಿಕ್ಕಿಕೊಂಡ ಒಂಟಿ ಮನುಷ್ಯನ ಕಥೆ. 1762ರಲ್ಲಿ ಚಿಂತಕ ರೂಸೋ, ಹುಡುಗ ಮೊದಲು ಓದಬೇಕಾದ ಪುಸ್ತಕ ಇದೇ ಅಂದ. ಅಲ್ಲಿಂದ ಇದು ಮಕ್ಕಳಿಗೆ ಪಾಠ ಹೇಳುವ ಕಥೆಯಾಯಿತು. ಸ್ವಿಟ್ಜರ್ಲೆಂಡಿನ ಪಾದ್ರಿ ಯೋಹಾನ್ ಡೇವಿಡ್ ವಿಸ್ ತನ್ನ ನಾಲ್ಕು ಗಂಡುಮಕ್ಕಳಿಗಾಗಿ ಕಟ್ಟಿದ ಕಥೆಯನ್ನು ಮಗನೊಬ್ಬ ತಿದ್ದಿ 1812ರಲ್ಲಿ ಅಚ್ಚು ಹಾಕಿಸಿದ. ಅದೇ 'ಸ್ವಿಸ್ ಫ್ಯಾಮಿಲಿ ರಾಬಿನ್ಸನ್'. ಒಂದೇ ದ್ವೀಪದಲ್ಲಿ ಕಾಂಗರೂ, ಪೆಂಗ್ವಿನ್ ಎಲ್ಲ ಸಿಗುತ್ತವೆ, ಆದರೆ ಅಲ್ಲಿಯವರೇ ಆದ ಜನ ಮಾತ್ರ ಯಾರೂ ಇಲ್ಲ. ದ್ವೀಪ ಕಲ್ಪನೆಯದ್ದು, ಹಾಗಾಗಿ ಅದು ನಡೆಯಿತು. ತೊಡಕು ಬಂದದ್ದು ಅದೇ ಕಥೆ ನಿಜವಾದ ನೆಲಕ್ಕೆ ಬಂದಾಗ.

ಅಮೆರಿಕದ ಮೊದಮೊದಲ ಕಾದಂಬರಿಗಳು ಆ ನೆಲ ಖಾಲಿ ಅಂತ ಹೇಳಲಿಲ್ಲ. ಜೇಮ್ಸ್ ಫೆನಿಮೋರ್ ಕೂಪರ್ 1823ರಲ್ಲಿ ಬರೆದ 'ದಿ ಪಯೊನಿಯರ್ಸ್'ನಲ್ಲಿ ನ್ಯೂಯಾರ್ಕ್ ಸೀಮೆಯ ಒಂದು ಕೆರೆಯ ದಡದಲ್ಲಿ ಹೊಸ ಊರು ಏಳುತ್ತದೆ, ಆದರೆ ಅದೇ ಊರಲ್ಲಿ ತನ್ನ ಜನವನ್ನೆಲ್ಲ ಕಳಕೊಂಡ ಮೂಲನಿವಾಸಿ ಮುದುಕ ಚಿಂಗಾಚ್‌ಗುಕ್ ಕೂಡ ಇದ್ದಾನೆ, ವಲಸೆ ಬಂದವರು ಹಾರಿಬರುವ ಪಾರಿವಾಳಗಳ ಹಿಂಡಿಗೆ ಸಣ್ಣ ಫಿರಂಗಿಯನ್ನೇ ಹಾರಿಸುವಾಗ ಇದು ತಪ್ಪು ಅಂತ ಸಿಟ್ಟಾಗುವ ಬೇಟೆಗಾರನೂ ಇದ್ದಾನೆ. ಆ ಜಾತಿಯ ಪಾರಿವಾಳ 1914ಕ್ಕೆ ಪೂರ್ತಿ ಅಳಿದುಹೋಯಿತು.

1862ರಲ್ಲಿ ಹೋಮ್‌ಸ್ಟೆಡ್ ಕಾಯ್ದೆ ಬಂತು. ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದರೆ 160 ಎಕರೆ ನಿಮ್ಮದು. ಲಕ್ಷಾಂತರ ಕುಟುಂಬಗಳು ಪಶ್ಚಿಮಕ್ಕೆ ಬಂಡಿ ಹೂಡಿದವು.

ಲಾರಾ ಹುಟ್ಟಿದ್ದು 1867ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. ಆಕೆಯ ಬರವಣಿಗೆಯ ಜೀವ ಇರೋದು ಕೈಕೆಲಸದ ವಿವರದಲ್ಲಿ. 'ಲಿಟಲ್ ಹೌಸ್ ಆನ್ ದಿ ಪ್ರೈರೀ' ಪುಸ್ತಕದಲ್ಲಿ ಕ್ಯಾನ್ಸಸ್‌ನ ಮನೆಗೆ ಅಪ್ಪ ಬಾಗಿಲು ಮಾಡುವ ಭಾಗ ನೋಡಿ: ಮೊಳೆ ಇಲ್ಲ, ಹಲಗೆಗಳನ್ನು ಮರದ ಗೂಟ ಬಡಿದು ಕೂಡಿಸುತ್ತಾನೆ, ತಿರುಗಣಿಗೆ ಚರ್ಮದ ಪಟ್ಟಿ, ಅಗುಳಿಗೆ ಕಟ್ಟಿದ ದಾರವನ್ನು ತೂತಿನಿಂದ ಹೊರಗೆ ಬಿಡುತ್ತಾನೆ. ದಾರ ಎಳೆದರೆ ಅಗುಳಿ ಮೇಲೇಳುತ್ತದೆ. ರಾತ್ರಿ ದಾರವನ್ನು ಒಳಗೆ ಎಳೆದುಕೊಂಡರೆ ಮುಗೀತು, ಹೊರಗಿನವರು ತೆಗೆಯೋಕಾಗಲ್ಲ. ಓದಿದ ಮಗು ತಾನೇ ಒಂದು ಬಾಗಿಲು ಮಾಡಿಬಿಡಬಹುದು, ಅಷ್ಟು ಸ್ಪಷ್ಟ.

ಆದರೆ ಆ ಬಾಗಿಲು ನಿಂತಿದ್ದ ನೆಲ ಓಸೇಜ್ ಎಂಬ ಮೂಲನಿವಾಸಿ ಜನರದ್ದು. 1869ರಲ್ಲಿ ಇಂಗಲ್ಸ್ ಕುಟುಂಬ ಅಲ್ಲಿಗೆ ಬಂದಾಗ ಅದು ಇನ್ನೂ ಕಾನೂನು ಪ್ರಕಾರವೇ ಅವರ ಮೀಸಲು ಪ್ರದೇಶ, ಬಂದು ನೆಲೆಸಿದವರೆಲ್ಲ ಒತ್ತುವರಿ ಮಾಡಿದವರು. ಕೊನೆಗೆ 1870ರಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿತು, ಓಸೇಜರು ನೆಲ ಮಾರಿ ಈಗಿನ ಒಕ್ಲಹೋಮಾಕ್ಕೆ ಹೊರಡಬೇಕಾಯಿತು. ಪುಸ್ತಕದಲ್ಲಿ ಸೈನಿಕರು ಎಬ್ಬಿಸುತ್ತಾರೆಂದು ಇಂಗಲ್ಸ್ ಕುಟುಂಬ ಹೊರಡುತ್ತದೆ. ನಿಜವಾದ ಒಂದು ಕಾರಣ ಬೇರೆ, ವಿಸ್ಕಾನ್ಸಿನ್‌ನ ಅವರ ಜಮೀನು ಕೊಂಡವನು ಹಣ ಕಟ್ಟಲಾಗದೆ ಅದನ್ನು ವಾಪಸ್ ಕೊಟ್ಟಿದ್ದ. ಪುಸ್ತಕದಲ್ಲಿ ಪೇಟೆ 40 ಮೈಲಿ ದೂರ. ನಿಜವಾಗಿ ಇದ್ದದ್ದು ಸುಮಾರು 13 ಮೈಲಿ. ಆಗ ಲಾರಾ ಮೂರು ವರ್ಷದ ಕೂಸು, ದೂರ ತಪ್ಪಿದ್ದು ಸಹಜ. ಆದರೂ ಅದರಿಂದ ಒಂಟಿತನ ಜಾಸ್ತಿಯಾಯಿತು.

ಇವೆಲ್ಲ ಪುಸ್ತಕವಾಗಿ ಬರತೊಡಗಿದ್ದು 1932ರಿಂದ, ಮಹಾ ಆರ್ಥಿಕ ಕುಸಿತದ ನಡುವೆ. ಕೆಲಸ ಕಳಕೊಂಡ, ಬ್ಯಾಂಕಿನ ದುಡ್ಡು ಕಳಕೊಂಡ ಜನರಿಗೆ ಯಾರ ಹಂಗೂ ಇಲ್ಲದೆ ಬದುಕಿದ ಮನೆಯ ಕಥೆ ಬೇಕಿತ್ತು. ಹಸ್ತಪ್ರತಿ ತಿದ್ದುತ್ತಿದ್ದ ಮಗಳು ರೋಸ್ ವೈಲ್ಡರ್ ಲೇನ್‌ಗೆ ಸರ್ಕಾರ ಜನರಿಗೆ ನೆರವು ಕೊಡುವುದೇ ಸೇರುತ್ತಿರಲಿಲ್ಲ, ತಾಯಿಯದೂ ಹೆಚ್ಚುಕಡಿಮೆ ಅದೇ ನಿಲುವು. ಹಾಗಾಗಿ ಸರ್ಕಾರದ ಕೈ ಕಥೆಯಲ್ಲಿ ಮರೆಯಾಯಿತು. ಕಣ್ಣು ಕಳಕೊಂಡ ಅಕ್ಕ ಮೇರಿಯ ಓದಿನ ಶುಲ್ಕ ಕೊಟ್ಟದ್ದು ಡಕೋಟಾ ಪ್ರಾಂತ್ಯದ ಆಡಳಿತ, ಆದರೆ ಪುಸ್ತಕಗಳಲ್ಲಿ ಮನೆಯವರೇ ದುಡಿದು ಹಣ ಕೂಡಿಸುತ್ತಾರೆ. ಒಂಬತ್ತು ತಿಂಗಳಿಗೇ ತೀರಿಕೊಂಡ ತಮ್ಮನ ಸುದ್ದಿಯೂ ಇಲ್ಲ. ನನಗೆ ಜಾಸ್ತಿ ನೋವಾಗೋದು ಇದಕ್ಕೇ. ನಿಜವಾಗಿ ಪಟ್ಟ ಕಷ್ಟ ಕಥೆಯಲ್ಲಿರುವುದಕ್ಕಿಂತ ದೊಡ್ಡದು.

ಕ್ಯಾನ್ಸಸ್ ಪುಸ್ತಕದ ಮೊದಲ ಮುದ್ರಣದಲ್ಲಿ ಆ ಬಯಲಿನಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು (ಅಂದರೆ ಅಲ್ಲಿನ ಮೂಲನಿವಾಸಿಗಳು) ಮಾತ್ರ ಇದ್ದರು ಎಂದಿತ್ತು. ಓದುಗರೊಬ್ಬರು ಪ್ರಕಾಶಕರಿಗೆ ಪತ್ರ ಬರೆದು ಆಕ್ಷೇಪಿಸಿದರು. ಲಾರಾ ತಪ್ಪು ಒಪ್ಪಿಕೊಂಡರು, ಜನರಿರಲಿಲ್ಲ ಅನ್ನೋದು ವಲಸಿಗರಿರಲಿಲ್ಲ ಎಂದಾಯಿತು. 2018ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಮಕ್ಕಳ ವಿಭಾಗ ಆಕೆಯ ಹೆಸರಿನ ಪ್ರಶಸ್ತಿಯ ಹೆಸರನ್ನೇ ಬದಲಿಸಿತು. ಕೆಲವರಿಗೆ ಸಿಟ್ಟು ಬಂತು. ನನ್ನ ಪ್ರಕಾರ ಪ್ರಶಸ್ತಿಯ ಹೆಸರು ಬದಲಾಗಿದ್ದು ಸರಿಯೇ, ಪುಸ್ತಕವನ್ನು ಯಾರೂ ಕಸಿದುಕೊಳ್ಳಲಿಲ್ಲವಲ್ಲ.

ಅದಕ್ಕೂ ಮುಂಚೆ, 1999ರಲ್ಲಿ, ಓಜಿಬ್ವೆ ಎಂಬ ಮೂಲನಿವಾಸಿ ಜನಾಂಗದ ಮೂಲದ ಲೂಯಿಸ್ ಅರ್ಡ್ರಿಕ್ 'ದಿ ಬರ್ಚ್‌ಬಾರ್ಕ್ ಹೌಸ್' ಬರೆದಿದ್ದರು. 1847ರ ಕಾಲ, ಸುಪೀರಿಯರ್ ಸರೋವರದ ದ್ವೀಪ, ಒಮಕಾಯಸ್ ಎಂಬ ಏಳು ವರ್ಷದ ಹುಡುಗಿ. ಇಲ್ಲೂ ಮರದ ತೊಗಟೆಯ ಮನೆ ಕಟ್ಟುತ್ತಾರೆ, ಚರ್ಮ ಹದ ಮಾಡುತ್ತಾರೆ, ಚಳಿಗಾಲಕ್ಕೆ ಕೂಡಿಡುತ್ತಾರೆ. ಆಮೇಲೆ ಸಿಡುಬು ಬರುತ್ತದೆ. ಮುಂದಿನ ಪುಸ್ತಕಗಳಲ್ಲಿ ಜಾಗ ಬಿಟ್ಟು ಹೊರಡಬೇಕೆಂಬ ಸರ್ಕಾರದ ಆದೇಶವೂ ಬರುತ್ತದೆ. ಹತ್ತು ವರ್ಷದ ಮಗುವಿಗೆ ಲಾರಾ ಪುಸ್ತಕ ಕೊಡುವವರು ಇದನ್ನೂ ಜೊತೆಗೇ ಕೊಡಿ. ಎರಡನ್ನೂ ಓದಿದ ಮಗು ಕೇಳುವ ಪ್ರಶ್ನೆಗಳು ಬೇರೆ ಥರ ಇರುತ್ತವೆ.