ಹಗಲಲ್ಲೇ ನೋಡಬಹುದಾದ ನಕ್ಷತ್ರ

ಹುತ್ತರಿ ಕಳೆದು ಆಕಾಶ ತಿಳಿಯಾದ ಮೇಲೆ ಕೊಡಗಿನ ಶಾಲೆಗಳಿಂದ ಕರೆ ಬರುತ್ತದೆ: ‘ಸರ್, ಟೆಲಿಸ್ಕೋಪ್ ತನ್ನಿ, ಮಕ್ಕಳಿಗೆ ನಕ್ಷತ್ರ ತೋರಿಸಿ.’ ಬೆಳಿಗ್ಗೆ ಹತ್ತಕ್ಕೆ ಯಾರದಾದರೂ ಕಾಫಿ ಒಣಗಿಸುವ ಕಣ ಸಿಗುತ್ತಾ ಅಂತ ನಾನು ಕೇಳುತ್ತೇನೆ. ಸೂರ್ಯನೂ ನಕ್ಷತ್ರವೇ ಅಲ್ವಾ? ಅವನನ್ನು ಬಿಟ್ಟು ಖಗೋಳದ ಪರಿಚಯ ಶುರು ಮಾಡಲು ನನಗೆ ಮನಸ್ಸಿಲ್ಲ.

ಆಗ ನಾನು ಹೇಳುವುದು ಕೊಡೈಕೆನಾಲ್ ಸೌರ ವೀಕ್ಷಣಾಲಯದ ಕಥೆ. 1876–78ರಲ್ಲಿ ಮುಂಗಾರು ಕೈಕೊಟ್ಟು ದಕ್ಷಿಣ ಭಾರತದಲ್ಲಿ ಭೀಕರ ಬರ ಬಂತು. ಸೂರ್ಯನಲ್ಲಿ ಆಗುವ ಬದಲಾವಣೆಗೂ ನಮ್ಮ ಮಳೆಗೂ ನಂಟಿದೆಯಾ ಎಂಬ ಪ್ರಶ್ನೆ ಎದ್ದಿತು. ಮದ್ರಾಸಿನಲ್ಲಿದ್ದ ಹಳೆಯ ವೀಕ್ಷಣಾಲಯದ ಕೆಲಸ 1899ರಲ್ಲಿ ಬೆಟ್ಟ ಹತ್ತಿತು. ಸುಮಾರು 2,300 ಮೀಟರ್ ಎತ್ತರದ ಆ ಜಾಗದಲ್ಲಿ, ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಫೋಟೊ ತೆಗೆಯುವ ಕೆಲಸ ನೂರು ವರ್ಷಕ್ಕೂ ಜಾಸ್ತಿ ನಡೆದಿದೆ. ಹಳೆಯ ಗಾಜಿನ ಫಲಕಗಳನ್ನು ಈಗ ಡಿಜಿಟಲ್ ಮಾಡಿದ್ದಾರೆ.

‘ಹಾಗಾದ್ರೆ ಕಾಫಿ ಅರಳಿಸುವ ಹೂಮಳೆ ಯಾವಾಗ ಅಂತ ಹೇಳಬಹುದಾ?’ ಎಂದು ಬೆಳೆಗಾರರು ಕೇಳಿಯೇ ಕೇಳುತ್ತಾರೆ. ಇಲ್ಲ. ಸೂರ್ಯನ ಮೇಲೆ ಕಾಣುವ ಕಪ್ಪು ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ, ತಗ್ಗುತ್ತವೆ. ಆದರೆ ಅವನ್ನು ನೋಡಿ ನಾಪೋಕ್ಲಿಗೆ ಯಾವ ವಾರ ಮಳೆ ಅಂತ ಹೇಳಲಾಗದು. ಮಳೆಗಾಗಿ ಹುಡುಕಿದವರಿಗೆ ಸಿಕ್ಕಿದ್ದು ಬೇರೆಯೇ. 1909ರ ಜನವರಿಯಲ್ಲಿ ಕೊಡೈಕೆನಾಲ್‌ನ ಖಗೋಳ ವಿಜ್ಞಾನಿ ಜಾನ್ ಎವರ್‌ಶೆಡ್ ಸೂರ್ಯನ ಕಲೆಗಳ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರು. ಅದರಲ್ಲಿರುವ ಕಪ್ಪು ಗೆರೆಗಳು ತಮ್ಮ ಜಾಗದಿಂದ ಚೂರು ಸರಿದಿದ್ದವು. ಅನಿಲ ಚಲಿಸುತ್ತಿದ್ದರೆ ಗೆರೆಗಳು ಹೀಗೆ ಸರಿಯುತ್ತವೆ. ಅಂದರೆ ಕಲೆಯ ಬೂದು ಅಂಚಿನಲ್ಲಿ ಅನಿಲ ಹೊರಕ್ಕೆ ಹರಿಯುತ್ತಿದೆ, ಸೆಕೆಂಡಿಗೆ ಕಿಲೋಮೀಟರ್‌ಗಟ್ಟಲೆ ವೇಗದಲ್ಲಿ! ಅದಕ್ಕೆ ಇಂದಿಗೂ ಎವರ್‌ಶೆಡ್ ಪರಿಣಾಮ ಎಂದೇ ಹೆಸರು.

ಆ ಬೂದು ಅಂಚನ್ನು ಕಣದಲ್ಲೂ ನೋಡಬಹುದು. ಬೈನಾಕ್ಯುಲರನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ಮುಂದಿನ ಎರಡು ಮಸೂರಗಳಲ್ಲಿ ಒಂದಕ್ಕೆ ಮುಚ್ಚಳ ಹಾಕಿ. ಇನ್ನೊಂದರಿಂದ ಬರುವ ಬಿಂಬ ಬಿಳಿ ಕಾಗದದ ಮೇಲೆ ಬೀಳಲಿ. ಬೈನಾಕ್ಯುಲರಿಗೆ ಕಣ್ಣಿಟ್ಟು ಯಾರೂ ಸೂರ್ಯನನ್ನು ನೋಡಬಾರದು, ಕ್ಷಣಮಾತ್ರಕ್ಕೂ. ಗ್ರಹಣದ ಕನ್ನಡಕ ಹಾಕಿಕೊಂಡೂ ಬೇಡ. ಹಿಂದಿನಿಂದ ಪುಟ್ಟ ಮಕ್ಕಳು ಬಂದು ಇಣುಕುತ್ತಾರೆ, ಹಾಗಾಗಿ ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಬೇಕು. ಕಾಗದ ಹಿಂದೆ ಮುಂದೆ ಸರಿಸಿದರೆ ಬಿಂಬ ಸ್ಪಷ್ಟವಾಗುತ್ತದೆ. ದೊಡ್ಡ ಕಲೆಯಿದ್ದರೆ ನಡುವೆ ಕಪ್ಪು, ಸುತ್ತ ಬೂದು. ಆ ಕಪ್ಪು ಚುಕ್ಕೆಯಲ್ಲಿ ಎಷ್ಟೋ ಸಲ ನಮ್ಮ ಭೂಮಿಯೇ ಹಿಡಿಸುತ್ತದೆ.

ಸುಮ್ನೆ ನೋಡಿ ಬಿಡಬೇಡಿ. 2019ರ ಡಿಸೆಂಬರ್ 26ರಂದು ಕೊಡಗಿನ ಕುಟ್ಟದ ಕಡೆ ಕಂಕಣ ಗ್ರಹಣಕ್ಕೆ ಜನ ಮುಗಿಬಿದ್ದರು. ಆ ಉತ್ಸಾಹದಲ್ಲಿ ಸ್ವಲ್ಪವನ್ನಾದರೂ ಮಾಮೂಲಿ ದಿನಗಳಿಗೆ ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಕಾಗದದ ಮೇಲೆ ವೃತ್ತ ಬರೆದು, ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತಿಸಿ, ತಾರೀಕು, ಸಮಯ ಹಾಕಿ. ಮರುದಿನ ಅದೇ ಹೊತ್ತಿಗೆ ಮತ್ತೆ ಬರೆಯಿರಿ. ಕಲೆ ಜರುಗಿರುತ್ತದೆ, ಏಕೆಂದರೆ ಸೂರ್ಯ ತಿರುಗುತ್ತಿದ್ದಾನೆ. ನಮಗೆ ಕಾಣುವಂತೆ ಒಂದು ಸುತ್ತಿಗೆ ಸುಮಾರು 27 ದಿನ. ಮೋಡ ಕವಿದ ದಿನ ‘ಮೋಡ’ ಅಂತಲೇ ಬರೆದಿಡಿ.